ಹಳೆಯ ಮಾರುತಿ 800ಕ್ಕೆ ಬದಲಿ ಗೇರ್‌ಬಾಕ್ಸ್: ಆಯ್ಕೆಗೆ ಮುನ್ನ ಅರಿಯಬೇಕಾದ ಸಂಗತಿಗಳು

ಹೊರನಾಡಿನ ಮಹಾನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗ ಕುಟುಂಬಗಳ ಮೊದಲ ಕಾರು ಮಾರುತಿ 800. 1983ರ ಡಿಸೆಂಬರ್ 14ರಂದು ರಸ್ತೆಗಿಳಿದ ಈ ಪುಟ್ಟ ವಾಹನದ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಮುಂಬಯಿ, ಪುಣೆ, ಸೊಲ್ಲಾಪುರ, ಚೆನ್ನೈ, ಹೈದರಾಬಾದ್, ದೆಹಲಿ ಸೇರಿದಂತೆ 13 ನಗರಗಳಲ್ಲಿ ಭಾರತ್ ಸ್ಟೇಜ್ 4 ಮಾಲಿನ್ಯ ನಿಯಮ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗಲೇ ಅಲ್ಲಿ ಇದರ ಮಾರಾಟ ಕೊನೆಗೊಂಡಿತ್ತು. ಆದುದರಿಂದ ಈ ನಗರಗಳಲ್ಲಿ ಇಂದು ಉಳಿದಿರುವ 800 ಕಾರುಗಳು ಬಹುಮಟ್ಟಿಗೆ ಹದಿನೈದು ವರ್ಷ ದಾಟಿದವು. ಇಂತಹ ಕಾರಿನ ಗೇರ್‌ಬಾಕ್ಸ್ ಕೆಟ್ಟಿತೆಂದು ಮೆಕ್ಯಾನಿಕ್ ಹೇಳಿದಾಗ ಮಾಲೀಕರು ಗೊಂದಲಕ್ಕೆ ಒಳಗಾಗುವುದು ಸಹಜ. ಕಾರಿನ ಮಾರುಕಟ್ಟೆ ಬೆಲೆಯೇ ಅತ್ಯಲ್ಪ. ತಪ್ಪು ಪೆಟ್ಟಿಗೆಯೊಂದನ್ನು ಕೊಂಡು ಕೂರಿಸಿದರೆ ಹಣವೂ ಹೋಗಿ ಕಾರೂ ಮೂಲೆ ಸೇರುತ್ತದೆ. ಈ ಹಿನ್ನೆಲೆಯಲ್ಲಿ ಬದಲಿ ಗೇರ್‌ಬಾಕ್ಸ್ ಆರಿಸುವ ಕ್ರಮವನ್ನು ನಾವು ಇಲ್ಲಿ ವಿವರಿಸುತ್ತಿದ್ದೇವೆ.

ದೋಷ ನಿಜಕ್ಕೂ ಗೇರ್‌ಬಾಕ್ಸಿನದೇ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕ್ಲಚ್, ಗೇರ್ ಲಿವರಿನ ಬುಷ್, ಆಕ್ಸೆಲ್ ಜಾಯಿಂಟ್, ಚಕ್ರದ ಬೇರಿಂಗ್ ಇವುಗಳ ದೋಷವನ್ನು ಗೇರ್‌ಬಾಕ್ಸಿನ ತಲೆಗೆ ಕಟ್ಟುವುದು ಸಾಮಾನ್ಯ. ಲಕ್ಷಣಗಳನ್ನು ಹೀಗೆ ಬೇರ್ಪಡಿಸಬಹುದು.

ಕಾರು ನಿಂತಿದ್ದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಮೊರೆತ ಕೇಳಿಬಂದು, ಕ್ಲಚ್ ಒತ್ತಿದೊಡನೆ ಅದು ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಸವೆದಿರುವ ಸಂಭವವಿದೆ. ಇದಕ್ಕೆ ವ್ಯತಿರಿಕ್ತವಾಗಿ ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್, ಗೇರ್‌ಬಾಕ್ಸ್ ನಿರ್ದೋಷಿ.

ಎಲ್ಲ ಗೇರುಗಳೂ ಕಷ್ಟದಿಂದ ಬೀಳುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಶಂಕಿಸಬೇಕು. ಈ ಕಾರಿನ ಕ್ಲಚ್ ಕೇಬಲಿನಿಂದ ನಡೆಯುವಂಥದು. ಕೇಬಲ್ ಸಡಿಲಗೊಂಡರೂ ಇದೇ ತೊಂದರೆ. ಪರೀಕ್ಷೆ ಸುಲಭ: ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಕ್ಲಚ್ಚನ್ನು ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡು ತಡೆದು, ರಿವರ್ಸ್ ಹಾಕಿರಿ. ಆಗಲೂ ಹಲ್ಲು ಕಡಿದ ಸದ್ದು ಬಂದರೆ ದೋಷ ಬಹುತೇಕ ಕ್ಲಚ್ಚಿನದು. ಆದರೆ ಎರಡನೆಯದೋ ಮೂರನೆಯದೋ ಒಂದು ಗೇರು ಮಾತ್ರ ಕರಕರ ಎನ್ನುತ್ತಿದ್ದರೆ ಆ ಗೇರಿನ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್ ಸವೆದಿದೆ ಎಂದು ತಿಳಿಯಬಹುದು.

ಓಡುತ್ತಿರುವಾಗ ಗೇರು ತಾನಾಗಿ ನ್ಯೂಟ್ರಲ್‌ಗೆ ಹಾರುವುದು ಗೇರ್‌ಬಾಕ್ಸಿನ ಒಳಗಿನ ಫೋರ್ಕ್, ಸ್ಪ್ರಿಂಗ್ ಅಥವಾ ಹಲ್ಲುಗಳ ಸವೆತದ ಲಕ್ಷಣ. ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿದ್ದರೂ ಹೀಗಾಗಬಹುದಾದ್ದರಿಂದ ಅದನ್ನು ಮೊದಲು ನೋಡಬೇಕು. ತಿರುವಿನಲ್ಲಿ ಮಾತ್ರ ಟಕಟಕ ಸದ್ದು ಬಂದರೆ ಅದು ಆಕ್ಸೆಲಿನ ಜಾಯಿಂಟ್. ಲಿವರ್ ಅತ್ತಿತ್ತ ಅಲ್ಲಾಡುವುದು ಬುಷ್ ಸವೆತ. ಅದರ ರಿಪೇರಿ ಅಲ್ಪ ವೆಚ್ಚದ್ದು.

ಕೊನೆಗೆ ಗೇರ್ ಆಯಿಲನ್ನು ಬಿಳಿಯ ಬಟ್ಟೆಯ ಮೇಲೆ ಇಳಿಸಿ ನೋಡಬೇಕು. ಹೊನ್ನಿನ ಬಣ್ಣದ ಸಣ್ಣ ಪುಡಿ ಸಿಂಕ್ರೊನೈಸರ್ ರಿಂಗಿನ ಸವೆತವನ್ನು ಸೂಚಿಸುತ್ತದೆ. ಸ್ವಲ್ಪ ಪ್ರಮಾಣದಲ್ಲಿದ್ದರೆ ಹಳೆಯ ಕಾರಿಗೆ ಅದು ಅಸಹಜವಲ್ಲ. ಉಕ್ಕಿನ ಚೂರುಗಳು ಕಂಡರೆ ಮಾತ್ರ ಹಲ್ಲು ಅಥವಾ ಬೇರಿಂಗ್ ಮುರಿದಿದೆ ಎಂದರ್ಥ.

ಇರುವ ನಾಲ್ಕು ಮಾರ್ಗಗಳು

ಗೇರ್‌ಬಾಕ್ಸೇ ಕೆಟ್ಟಿದೆ ಎಂದು ಖಚಿತವಾದ ಮೇಲೆ ಮಾಲೀಕರ ಮುಂದೆ ನಾಲ್ಕು ಮಾರ್ಗಗಳಿವೆ: ತಮ್ಮದೇ ಪೆಟ್ಟಿಗೆಯನ್ನು ಬಿಚ್ಚಿಸಿ ಸವೆದ ಭಾಗಗಳನ್ನು ಬದಲಿಸುವುದು, ಹೊಸತನ್ನು ಕೊಳ್ಳುವುದು, ಪರಿಣತರು ದುರಸ್ತಿ ಮಾಡಿಟ್ಟದ್ದನ್ನು ಕೊಳ್ಳುವುದು, ಗುಜರಿಗೆ ಹೋದ ಕಾರಿನಿಂದ ಕಳಚಿದ್ದನ್ನು ಕೊಳ್ಳುವುದು.

ಕವಚ ಒಡೆಯದೆ, ಹಲ್ಲುಗಳು ಮುರಿಯದೆ, ಬೇರಿಂಗ್ ಅಥವಾ ಸಿಂಕ್ರೊನೈಸರ್ ರಿಂಗ್ ಮಾತ್ರ ಸವೆದಿದ್ದರೆ ಮೊದಲನೆಯ ಮಾರ್ಗವೇ ಉತ್ತಮವೆಂಬುದು ನಮ್ಮ ಅಭಿಪ್ರಾಯ. ಆ ಪೆಟ್ಟಿಗೆ ತಮ್ಮ ಕಾರಿಗೆ ಹೊಂದುತ್ತದೆ ಎಂಬುದರಲ್ಲಿ ಸಂಶಯವೇ ಇಲ್ಲ. ಅದರ ಇತಿಹಾಸವೂ ತಮಗೆ ಗೊತ್ತು. ಆದರೆ ಈ ಕೆಲಸಕ್ಕೆ ಪ್ರೆಸ್ ಹಾಗೂ ಪುಲ್ಲರ್ ಇರುವ, ಗೇರ್‌ಬಾಕ್ಸ್ ಬಿಚ್ಚಿ ರೂಢಿಯಿರುವ ಕೈ ಬೇಕು. ಗಲ್ಲಿಯ ಗ್ಯಾರೇಜಿನಲ್ಲಿ ಸುತ್ತಿಗೆಯಿಂದ ಬೇರಿಂಗ್ ಬಡಿದು ಕೂರಿಸಿದರೆ ಆರು ತಿಂಗಳಲ್ಲಿ ಅದೇ ಮೊರೆತ ಮರಳುತ್ತದೆ. ಉಕ್ಕಿನ ಚೂರುಗಳು ಒಳಗೆಲ್ಲ ಹರಡಿದ್ದರೆ, ಅಥವಾ ಎಣ್ಣೆಯಿಲ್ಲದೆ ಓಡಿ ಶಾಫ್ಟುಗಳು ನೀಲಿಗಟ್ಟಿದ್ದರೆ ಪೂರ್ಣ ಬದಲಾವಣೆಯೇ ಸರಿ.

ಯಾವುದು ಹೊಂದುತ್ತದೆ, ಯಾವುದು ಹೊಂದದು?

ಅಂಗಡಿಯವರು ‘ಮಾರುತಿಯದೆಲ್ಲ ಒಂದೇ’ ಎನ್ನುವುದುಂಟು. ಈ ಮಾತನ್ನು ನಂಬಬಾರದು. 800ರಲ್ಲಿ ಎಂಜಿನ್ ಅಡ್ಡಲಾಗಿ ಕೂತಿದ್ದು, ಪಕ್ಕದಲ್ಲೇ ಗೇರ್‌ಬಾಕ್ಸ್ ಇದೆ. ಡಿಫರೆನ್ಷಿಯಲ್ ಕೂಡ ಅದೇ ಕವಚದೊಳಗಿದ್ದು, ಅಲ್ಲಿಂದಲೇ ಮುಂದಿನ ಎರಡೂ ಚಕ್ರಗಳಿಗೆ ಆಕ್ಸೆಲ್ ಹೊರಡುತ್ತದೆ. 1984ರಲ್ಲಿ ಬಂದ ಓಮ್ನಿ ವ್ಯಾನಿನ ಎಂಜಿನ್ ಕೂಡ 796 ಸಿಸಿಯದೇ. ಆದರೆ ಅದರಲ್ಲಿ ಎಂಜಿನ್ ಉದ್ದಕ್ಕೆ ಕೂತು, ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಎಂಜಿನ್ ಒಂದೇ ಗಾತ್ರದ್ದಾದರೂ ಓಮ್ನಿಯ ಗೇರ್‌ಬಾಕ್ಸ್ 800ಕ್ಕೆ ಏನೇನೂ ಬಾರದು. 1993ರ ಜೆನ್ ಕಾರಿನದು 993 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಅದರ ಪೆಟ್ಟಿಗೆಯನ್ನೂ ದೂರವಿಡುವುದು ಲೇಸು.

800ರಲ್ಲಿಯೇ ಎರಡು ಬಗೆ. ಬಹುಪಾಲು ಕಾರುಗಳಲ್ಲಿ ನಾಲ್ಕು ಗೇರುಗಳು. 2000ದ ಸುಮಾರಿಗೆ ಕೆಲಕಾಲ, ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳ ಹೆಚ್ಚು ಶಕ್ತಿಯ ಎಂಜಿನ್‌ನೊಡನೆ ಐದು ಗೇರಿನ 800 ಕೂಡ ಬಂದಿತ್ತು. ಅದೇ ವರ್ಷ ಬಂದ ಆಲ್ಟೊ 796 ಸಿಸಿ ಕಾರಿಗೂ ಐದು ಗೇರು. ನಾಲ್ಕರ ಜಾಗದಲ್ಲಿ ಐದು ಗೇರಿನ ಪೆಟ್ಟಿಗೆ ಕೂರಿಸುವ ಆಸೆ ಅನೇಕರಿಗೆ ಉಂಟಾಗುತ್ತದೆ. ಹಾಗೆ ಮಾಡಬಯಸುವವರು ಕೆಳಗಿನ ಆರು ಅಂಶಗಳನ್ನು ಹಳೆಯ ಪೆಟ್ಟಿಗೆಯೊಡನೆ ಪಕ್ಕಪಕ್ಕ ಇಟ್ಟು ಅಳೆದು ನೋಡಬೇಕು: ಎಂಜಿನ್‌ಗೆ ಕೂಡುವ ಬೋಲ್ಟು ರಂಧ್ರಗಳ ಸ್ಥಾನ, ಕ್ಲಚ್ ಪ್ಲೇಟಿನೊಳಗೆ ಹೋಗುವ ಶಾಫ್ಟಿನ ಗಾಡಿಗಳ ಸಂಖ್ಯೆ ಮತ್ತು ದಪ್ಪ, ಎರಡೂ ಬದಿಯ ಆಕ್ಸೆಲ್ ಕೂರುವ ಜಾಗ, ಮೌಂಟಿಂಗಿನ ಕಿವಿಗಳು, ಗೇರ್ ಲಿವರಿನ ಸರಳು ಸೇರುವ ಸ್ಥಳ, ಸ್ಪೀಡೊಮೀಟರ್ ಕೇಬಲಿನ ಸ್ಥಳ. ಇವುಗಳಲ್ಲಿ ಒಂದು ತಪ್ಪಿದರೂ ವೆಲ್ಡಿಂಗ್, ಕತ್ತರಿಸುವಿಕೆ ಇತ್ಯಾದಿ ಆರಂಭವಾಗುತ್ತವೆ. ಅಲ್ಲಿಗೇ ಕೈಬಿಡುವುದು ಜಾಣತನ.

ಅನುಪಾತದ ಲೆಕ್ಕ

ಪೆಟ್ಟಿಗೆ ಕೂತರೆ ಸಾಲದು. ಒಳಗಿನ ಹಲ್ಲುಗಳ ಲೆಕ್ಕವೂ ಕೂಡಿಬರಬೇಕು. ಗೇರಿನ ಅನುಪಾತವನ್ನು ಡಿಫರೆನ್ಷಿಯಲಿನ ಅನುಪಾತದಿಂದ ಗುಣಿಸಿದರೆ ಒಟ್ಟು ಅನುಪಾತ ದೊರೆಯುತ್ತದೆ. ಡಿಫರೆನ್ಷಿಯಲಿನ ಅನುಪಾತ 4.4 ಇರುವ ಕಾರಿಗೆ 4.0 ಇರುವ ಪೆಟ್ಟಿಗೆ ಹಾಕಿದರೆಂದು ಭಾವಿಸೋಣ. ಪ್ರತಿ ಗೇರಿನಲ್ಲೂ ಚಕ್ರಕ್ಕೆ ಮುಟ್ಟುವ ಎಳೆತ ಸುಮಾರು ಶೇ. 9ರಷ್ಟು ತಗ್ಗುತ್ತದೆ. ಸಪಾಟು ಹೆದ್ದಾರಿಯಲ್ಲಿ ಇದು ಹಿತವೆನಿಸೀತು. ಆದರೆ ರಜೆಯಲ್ಲಿ ಸಂಸಾರ ಸಮೇತರಾಗಿ ಊರಿಗೆ ಹೊರಟು, ಸಾತಾರಾ ಹಾದಿಯ ಖಂಬಾಟ್ಕಿ ಘಾಟಿಯನ್ನೋ ಬೆಳಗಾವಿಯತ್ತ ಏರುವ ಆಂಬೋಲಿ ಘಾಟಿಯನ್ನೋ ಹತ್ತುವಾಗ 37 ಅಶ್ವಶಕ್ತಿಯ ಎಂಜಿನ್ ಏದುಸಿರು ಬಿಡುತ್ತದೆ; ಅರ್ಧ ಕ್ಲಚ್ಚಿನಲ್ಲಿ ಏರಿಸಿ ಏರಿಸಿ ಹೊಸ ಕ್ಲಚ್ ಪ್ಲೇಟೂ ಸುಡುತ್ತದೆ.

ಗುಜರಿಯ ಪೆಟ್ಟಿಗೆಯ ಅನುಪಾತವನ್ನು ಬಿಚ್ಚದೆಯೇ ತಿಳಿಯುವ ಉಪಾಯವಿದೆ. ಒಂದು ಗೇರು ಹಾಕಿ, ಆಕ್ಸೆಲ್ ಹೊರಡುವ ಎರಡು ಬದಿಗಳಲ್ಲಿ ಒಂದನ್ನು ಅಲುಗದಂತೆ ಹಿಡಿಯಬೇಕು. ಆಗ ಡಿಫರೆನ್ಷಿಯಲಿನ ಗುಣದಿಂದಾಗಿ ಇನ್ನೊಂದು ಬದಿ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಆ ಬದಿ ಹತ್ತು ಸುತ್ತು ತಿರುಗಲು ಇನ್‌ಪುಟ್ ಶಾಫ್ಟನ್ನು ಎಷ್ಟು ಸುತ್ತು ತಿರುಗಿಸಬೇಕಾಯಿತೆಂದು ಎಣಿಸಿ, ಹತ್ತರಿಂದ ಭಾಗಿಸಿ, ಎರಡರಿಂದ ಗುಣಿಸಿದರೆ ಆ ಗೇರಿನ ಒಟ್ಟು ಅನುಪಾತ ಸಿಗುತ್ತದೆ. ಉದಾಹರಣೆಗೆ 20 ಸುತ್ತು ಬೇಕಾದರೆ ಅನುಪಾತ 4. ತಮ್ಮ ಹಳೆಯ ಪೆಟ್ಟಿಗೆಯಲ್ಲೂ ಹೀಗೆಯೇ ಎಣಿಸಿ ಎರಡನ್ನೂ ಹೋಲಿಸಬಹುದು.

ಚಕ್ರದ ಗಾತ್ರವನ್ನೂ ಮರೆಯಬಾರದು. 800ರ ರೇಡಿಯಲ್ ಟೈರು 145/70 ಆರ್ 12. ಆಲ್ಟೊದ್ದು 145/80 ಆರ್ 12. ಲೆಕ್ಕದಂತೆ ಮೊದಲನೆಯದರ ವ್ಯಾಸ ಸುಮಾರು 508 ಮಿ.ಮೀ., ಎರಡನೆಯದರದು ಸುಮಾರು 537 ಮಿ.ಮೀ. ದೊಡ್ಡ ಚಕ್ರಕ್ಕೆ ಹೊಂದಿಸಿದ ಸ್ಪೀಡೊಮೀಟರ್ ಗೇರು ಸಣ್ಣ ಚಕ್ರದ ಕಾರಿಗೆ ಬಂದರೆ, ಉಳಿದೆಲ್ಲವೂ ಸಮವಿದ್ದಾಗ, ಮುಳ್ಳು ನಿಜವಾದ ವೇಗಕ್ಕಿಂತ ಸುಮಾರು ಶೇ. 6ರಷ್ಟು ಹೆಚ್ಚು ತೋರಿಸುತ್ತದೆ. ಓಡಿದ ಕಿಲೋಮೀಟರುಗಳ ಲೆಕ್ಕವೂ ಅಷ್ಟೇ ತಪ್ಪುತ್ತದೆ.

ಎಲ್ಲಿ ಕೊಳ್ಳುವುದು, ಹೇಗೆ ಪರೀಕ್ಷಿಸುವುದು?

ಮುಂಬಯಿಯ ಕುರ್ಲಾ ಸಿ.ಎಸ್.ಟಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ ಇವು ಹಳೆಯ ಬಿಡಿಭಾಗಗಳಿಗೆ ಹೆಸರಾದ ಸ್ಥಳಗಳು. ಬೇರಿಂಗ್, ಸೀಲ್ ಮೊದಲಾದ ಹೊಸ ಭಾಗಗಳಿಗೆ ದೆಹಲಿಯ ಕಾಶ್ಮೀರಿ ಗೇಟ್, ಪುಣೆಯ ನಾನಾ ಪೇಠ್, ಬೆಂಗಳೂರಿನ ಜೆ.ಸಿ. ರಸ್ತೆ ಪ್ರಸಿದ್ಧ. ಹಳೆಯ ಪೆಟ್ಟಿಗೆ ಕೊಳ್ಳಲು ಹೋಗುವಾಗ ಮೆಕ್ಯಾನಿಕನನ್ನು ಜತೆಗೆ ಕರೆದೊಯ್ಯಿರಿ; ಟಾರ್ಚ್ ಮತ್ತು ಹಳೆಯ ಕ್ಲಚ್ ಪ್ಲೇಟ್ ಕೈಯಲ್ಲಿರಲಿ. ಪ್ಲೇಟು ಶಾಫ್ಟಿನ ಮೇಲೆ ಸಲೀಸಾಗಿ ಜಾರಬೇಕು, ಅಲ್ಲಾಡಬಾರದು. ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ ಸಡಿಲಿಕೆ ನೋಡಿರಿ. ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ಕೈಯಿಂದ ತಿರುಗಿಸಿರಿ. ಎಲ್ಲಿಯೂ ತಡೆ ಇರಬಾರದು. ಅಲ್ಯೂಮಿನಿಯಂ ಕವಚದ ಮೇಲೆ, ಮುಖ್ಯವಾಗಿ ಬೋಲ್ಟಿನ ಕಿವಿಗಳ ಸುತ್ತ, ಬಿರುಕು ಅಥವಾ ವೆಲ್ಡಿಂಗ್ ಗುರುತಿದ್ದರೆ ಬೇಡವೆನ್ನಿರಿ. ಹೊಸದಾಗಿ ಬೆಳ್ಳಿ ಬಣ್ಣ ಬಳಿದಿದ್ದರೆ ಇನ್ನೂ ಎಚ್ಚರದಿಂದ ನೋಡಿರಿ. ಬಣ್ಣ ಬಿರುಕನ್ನೂ ಮುಚ್ಚಬಲ್ಲದು.

ಚೀಟಿಯಿಲ್ಲದೆ ಕೊಳ್ಳಬೇಡಿರಿ. ಕದ್ದ ವಾಹನಗಳ ಭಾಗಗಳು ಮಾರುಕಟ್ಟೆಗೆ ಬರುವುದುಂಟು. ಕದ್ದ ಮಾಲೆಂದು ತಿಳಿದು ಕೊಳ್ಳುವುದು ಅಪರಾಧ. ಅಂಗಡಿಯ ಹೆಸರು, ದಿನಾಂಕ, ‘ಹೊಂದದಿದ್ದರೆ ಇಷ್ಟು ದಿನದೊಳಗೆ ಹಿಂದಿರುಗಿಸಬಹುದು’ ಎಂಬ ಬರಹ ಚೀಟಿಯಲ್ಲಿರಲಿ. ನೋಂದಣಿ ಪುಸ್ತಕದಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಇರುತ್ತವೆಯೇ ಹೊರತು ಗೇರ್‌ಬಾಕ್ಸಿನ ಸಂಖ್ಯೆ ಇರುವುದಿಲ್ಲ. ಆದರೆ ಎಂಜಿನ್ ಸಮೇತ ಗೇರ್‌ಬಾಕ್ಸ್ ‘ಸೆಟ್’ ಅಗ್ಗವಾಗಿ ಸಿಗುತ್ತದೆಂದು ಕೊಂಡು ಕೂರಿಸಿದರೆ ಎಂಜಿನ್ ಸಂಖ್ಯೆ ಬದಲಾಗುತ್ತದೆ, ಆರ್.ಟಿ.ಒ. ಅನುಮತಿಯಿಲ್ಲದೆ ಹಾಗೆ ಮಾಡುವಂತಿಲ್ಲ. ವಿಮೆಯ ಹಣ ಕೇಳುವಾಗಲೂ ತೊಡಕಾಗುತ್ತದೆ.

ಕೂರಿಸುವಾಗ ಬದಲಿಸಬೇಕಾದವು

ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ. ಆದುದರಿಂದ ಅದೇ ಸಂದರ್ಭದಲ್ಲಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್‌ಗಳನ್ನು ಪರೀಕ್ಷಿಸಿ, ಸವೆದಿದ್ದರೆ ಬದಲಿಸಬೇಕು. ಇನ್‌ಪುಟ್ ಶಾಫ್ಟಿನ ಸೀಲ್, ಎರಡೂ ಆಕ್ಸೆಲ್ ಸೀಲ್ ಹಾಗೂ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲನ್ನು ಹೊಸದಾಗಿ ಹಾಕಿಸುವುದು ಮೇಲು. ಎಣ್ಣೆಯನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಹಾಕಬೇಕು. ಜಿ.ಎಲ್. 4 ಎಂದಿರುವಲ್ಲಿ ‘ಇದು ಇನ್ನೂ ಒಳ್ಳೆಯದು’ ಎಂದು ಜಿ.ಎಲ್. 5 ಹಾಕುವುದು ಸರಿಯಲ್ಲ. ಅದರಲ್ಲಿನ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹಿತ್ತಾಳೆಯ ರಿಂಗುಗಳಿಗೆ ಹಾನಿ ಮಾಡಬಲ್ಲವು. ಕಾರಿನ ಕೆಳಗೆ ಕೆಲಸ ನಡೆಯುವಾಗ ಬರಿಯ ಜಾಕಿನ ಮೇಲೆ ಭಾರ ಬಿಡದೆ ಗಟ್ಟಿಯಾದ ಸ್ಟ್ಯಾಂಡ್ ಇಟ್ಟಿದ್ದಾರೆಯೇ ಎಂದು ನೋಡಿರಿ. ಇದು ಜೀವದ ಪ್ರಶ್ನೆ.

ಹಣ ತೆರುವ ಮುನ್ನ

ಕಟ್ಟಕಡೆಯದಾಗಿ, ಕಾರಿಗೆ ರಸ್ತೆಯಲ್ಲಿ ಇನ್ನೆಷ್ಟು ಆಯುಷ್ಯವಿದೆ ಎಂಬುದನ್ನು ಮೊದಲೇ ವಿಚಾರಿಸಬೇಕು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿಗೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾಗುತ್ತದೆ. ಇದರ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ ರೂ. 5,000ಕ್ಕೆ, 20 ವರ್ಷ ಮೀರಿದವುಗಳಿಗೆ 2025ರಲ್ಲಿ ರೂ. 10,000ಕ್ಕೆ ಏರಿಸಲಾಯಿತು. ದೆಹಲಿಯ ಓದುಗರು ಇನ್ನಷ್ಟು ಎಚ್ಚರ ವಹಿಸಬೇಕು. 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯ 2018ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಮಧ್ಯಂತರ ಆದೇಶ ಬಂದು ವಿಷಯ ಮತ್ತೆ ಚರ್ಚೆಗೆ ಒಳಗಾಯಿತು. ಆದುದರಿಂದ ಆರ್.ಟಿ.ಒ. ಕಚೇರಿಯಲ್ಲಿ ಅಂದಿನ ಸ್ಥಿತಿಯನ್ನು ಕೇಳಿ ತಿಳಿದ ಬಳಿಕವೇ ಗೇರ್‌ಬಾಕ್ಸಿಗೆ ಮುಂಗಡ ಕೊಡಿರಿ.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟು: ಕ್ಲಚ್ಚಿನ ದೋಷವನ್ನು ಮೊದಲು ತಳ್ಳಿಹಾಕಿರಿ, ತಮ್ಮದೇ ಪೆಟ್ಟಿಗೆ ಉಳಿಯುವಂತಿದ್ದರೆ ಉಳಿಸಿಕೊಳ್ಳಿರಿ, ಬದಲಿಸಲೇಬೇಕಾದರೆ ಅದೇ ಮಾದರಿಯ, ಅಷ್ಟೇ ಗೇರಿನ, ಅದೇ ಅನುಪಾತದ ಪೆಟ್ಟಿಗೆಯನ್ನು ಚೀಟಿ ಸಮೇತ ಕೊಳ್ಳಿರಿ. ಇಷ್ಟು ಪಾಲಿಸಿದರೆ ಹಳೆಯ ಕಾರು ಇನ್ನೂ ಹಲವು ಬೇಸಗೆಗಳಲ್ಲಿ ತಮ್ಮನ್ನು ಊರಿಗೆ ಮುಟ್ಟಿಸೀತು.