ಲಾಭವಾಗಬಾರದು, ಸರಿ, ನಷ್ಟವಾಗಬಹುದೇ? ನೌಕರರ ಪ್ರಯಾಣ ಭತ್ಯೆ ನಡೆದುಬಂದ ದಾರಿ

ಮೈಸೂರಿನಿಂದ ಹೊರಟ ಹೆದ್ದಾರಿ ಬಿಳಿಕೆರೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿಗೆ ಹೋದರೆ, ಇನ್ನೊಂದು ಕೆ.ಆರ್.ನಗರದ ಮೇಲೆ ಹಾಸನ, ಬೇಲೂರಿಗೆ ಹೋಗುತ್ತದೆ. ಔಷಧ ಕಂಪನಿಗಳ ಪ್ರತಿನಿಧಿಗಳು, ಕಿರುಸಾಲ ಸಂಸ್ಥೆಗಳ ವಸೂಲಿ ಸಿಬ್ಬಂದಿ, ಬೀಜ-ಗೊಬ್ಬರ ಕಂಪನಿಗಳ ಮಾರಾಟಗಾರರು, ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳನ್ನು ನೋಡಿಬರುವ ಕ್ಷೇತ್ರ ಸಿಬ್ಬಂದಿ ಈ ರಸ್ತೆಗಳಲ್ಲಿ ದಿನವೂ ಓಡಾಡುತ್ತಾರೆ. ಕೆಲಸ ಧಣಿಯದು, ಬೈಕು ನೌಕರನದು. ಆ ಬೈಕಿನ ಖರ್ಚನ್ನು ಯಾರು, ಯಾವ ಲೆಕ್ಕದಲ್ಲಿ ಕೊಡಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಭತ್ಯೆಯಿಂದ ನೌಕರನಿಗೆ ಲಾಭವಾಗದಂತೆ ಕಾಯುವ ನಿಯಮವನ್ನು ನಾವು ಬಹಳ ಹಿಂದೆಯೇ ಬರೆದುಕೊಂಡೆವು. ಅವನಿಗೆ ನಷ್ಟವಾಗದಂತೆ ಕಾಯುವ ನಿಯಮವನ್ನು ಖಾಸಗಿ ನೌಕರರ ಪಾಲಿಗೆ ಇಂದಿಗೂ ಬರೆದಿಲ್ಲ. ಆ ಇತಿಹಾಸವನ್ನು ಓದುತ್ತಾ ಹೋದರೆ ಎದ್ದು ಕಾಣುವ ಕೊರತೆ ಇದೇ.

ತತ್ವವೇನೋ ಹಳೆಯದೇ. 1872ರ ಭಾರತೀಯ ಕರಾರು ಕಾಯಿದೆಯ 217 ಮತ್ತು 222ನೇ ಕಲಮುಗಳು, ಇನ್ನೊಬ್ಬರ ಪರವಾಗಿ ಕೆಲಸ ಮಾಡುವ ಏಜೆಂಟನಿಗೆ ಆ ಕೆಲಸಕ್ಕೆ ಸರಿಯಾಗಿ ತಗುಲಿದ ವೆಚ್ಚವನ್ನು ಹಿಡಿದುಕೊಳ್ಳುವ ಹಕ್ಕನ್ನೂ ನಷ್ಟ ತುಂಬಿಸಿಕೊಳ್ಳುವ ಹಕ್ಕನ್ನೂ ಕೊಟ್ಟವು. ಸರ್ಕಾರಿ ನೌಕರರ ವಿಷಯದಲ್ಲಿ 1922ರಲ್ಲಿ ಜಾರಿಗೆ ಬಂದ ಮೂಲ ನಿಯಮಗಳ 44ನೇ ನಿಯಮ ಒಂದು ಗಡಿ ಹಾಕಿತು: ಪರಿಹಾರ ರೂಪದ ಭತ್ಯೆ ಒಟ್ಟಾರೆಯಾಗಿ ಪಡೆಯುವವನಿಗೆ ಲಾಭದ ಮೂಲವಾಗಬಾರದು. ಸ್ವಾತಂತ್ರ್ಯಾನಂತರ ನಮ್ಮ ರಾಜ್ಯಕ್ಕೆ 1958ರ ನಾಗರಿಕ ಸೇವಾ ನಿಯಮಗಳು ಬಂದವು. ಕೇಂದ್ರಸ್ಥಾನ, ದಿನಭತ್ಯೆ, ನಿಗದಿತ ಪ್ರಯಾಣ ಭತ್ಯೆ ಮುಂತಾದ ಮಾತುಗಳು ತಾಲ್ಲೂಕು ಕಚೇರಿಗಳಲ್ಲಿ ಬಳಕೆಯ ಮಾತುಗಳಾದದ್ದು ಇಂಥ ನಿಯಮಗಳಿಂದಲೇ. ಸಾರ್ವಜನಿಕ ಹಣ ಪೋಲಾಗಬಾರದೆಂಬ ಆ ಎಚ್ಚರಿಕೆ ನ್ಯಾಯವಾದದ್ದು. ಆದರೆ ಅದು ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ನೋಡಿತು.

ಇನ್ನೊಂದು ತಟ್ಟೆಯತ್ತ ಗಮನ ಹರಿದದ್ದು ವೇತನ ಆಯೋಗಗಳ ಕಾಲದಲ್ಲಿ. ಆರನೇ ಕೇಂದ್ರ ವೇತನ ಆಯೋಗದ ನಂತರ 2008ರಲ್ಲಿ, ಸಾರಿಗೆ ಇಲಾಖೆ ದರ ಗೊತ್ತುಮಾಡದ ಊರುಗಳಲ್ಲಿ ಸ್ವಂತ ಕಾರಿಗೆ ಕಿಲೋಮೀಟರಿಗೆ 16 ರೂ., ಆಟೊ ಅಥವಾ ಸ್ವಂತ ಸ್ಕೂಟರಿಗೆ 8 ರೂ. ಎಂದಾಯಿತು. ಏಳನೇ ಆಯೋಗದ ನಂತರ 2017ರ ಜುಲೈನಲ್ಲಿ ಅದು 24 ಮತ್ತು 12 ರೂ. ಆಯಿತು. ಈ ಅಂಕಿಗಳಿಗಿಂತ ಮುಖ್ಯವಾದದ್ದು ಜೊತೆಗೆ ಬಂದ ಷರತ್ತು: ತುಟ್ಟಿಭತ್ಯೆ ಶೇ. 50 ಏರಿದಾಗಲೆಲ್ಲ ಈ ದರವೂ ತಾನಾಗಿ ಶೇ. 25 ಏರಬೇಕು. 2024ರ ಜನವರಿಯಲ್ಲಿ ಕೇಂದ್ರದ ತುಟ್ಟಿಭತ್ಯೆ ಶೇ. 50 ಮುಟ್ಟಿತು; ಷರತ್ತಿನ ಪ್ರಕಾರ 12 ರೂ. 15 ಆಗಬೇಕು. ಬೆಲೆ ಏರಿದರೆ ದರವೂ ಏರಬೇಕು, ಅದಕ್ಕಾಗಿ ನೌಕರ ಪ್ರತಿಸಲ ಅರ್ಜಿ ಹಿಡಿದು ನಿಲ್ಲಬೇಕಾಗಿಲ್ಲ ಎಂಬುದನ್ನು ಒಪ್ಪಿಕೊಂಡದ್ದೇ ಈ ಇತಿಹಾಸದ ದೊಡ್ಡ ಹೆಜ್ಜೆ ಎಂದು ನಾನು ತಿಳಿಯುತ್ತೇನೆ.

ಖಾಸಗಿ ವಲಯಕ್ಕೆ ಆ ಹೆಜ್ಜೆ ತಲುಪಲಿಲ್ಲ. 1976ರ ಮಾರಾಟ ಉತ್ತೇಜನ ನೌಕರರ ಕಾಯಿದೆ ಔಷಧ ಪ್ರತಿನಿಧಿಗಳಿಗೆ ಕಾರ್ಮಿಕ ಕಾನೂನಿನ ನೆರಳು ಕೊಟ್ಟಿತು, ಆದರೆ ಕಿಲೋಮೀಟರಿನ ದರವನ್ನು ಕಂಪನಿಗಳಿಗೇ ಬಿಟ್ಟಿತು. ಆ ವೃತ್ತಿಯಲ್ಲಿ ಊರುಗಳನ್ನು ಹೆಡ್‌ಕ್ವಾರ್ಟರ್ಸ್ (ನೆಲೆಯೂರು), ಎಕ್ಸ್-ಸ್ಟೇಷನ್ (ಹೋಗಿ ಅದೇ ದಿನ ಮರಳುವ ಊರು), ಔಟ್‌ಸ್ಟೇಷನ್ (ರಾತ್ರಿ ತಂಗಬೇಕಾದ ಊರು) ಎಂದು ವಿಂಗಡಿಸುತ್ತಾರೆ; ಊರಿಂದೂರಿಗೆ ಇಷ್ಟು ಎಂದು ಸ್ಟ್ಯಾಂಡರ್ಡ್ ಫೇರ್ ಚಾರ್ಟ್‌ನಲ್ಲಿ ಬರೆದಿಡುತ್ತಾರೆ. ಮೈಸೂರಿನಿಂದ ಹುಣಸೂರಿಗೆ ಹೋಗಿ ಸಂಜೆಗೆ ಮರಳುವವರಿಗೆ ಈ ಪಟ್ಟಿ ಸಾಕಾದೀತು. ಎಚ್.ಡಿ.ಕೋಟೆಗೆ ಹೋಗಿ, ಅಲ್ಲಿಂದ ಕಬಿನಿಯ ಹಿನ್ನೀರನ್ನು ಸುತ್ತಿಕೊಂಡು ಹಳ್ಳಿ ಹಳ್ಳಿ ತಿರುಗುವವರಿಗೆ ಅದು ಸಾಲದು, ಏಕೆಂದರೆ ಪಟ್ಟಣದಾಚೆಯ ಒಳದಾರಿ ಪಟ್ಟಿಯಲ್ಲಿ ಇರುವುದಿಲ್ಲ. ವೇತನದ ಕಾನೂನುಗಳೋ ಈ ಹಣ ಏನಲ್ಲ ಎಂಬುದನ್ನಷ್ಟೇ ಹೇಳುತ್ತಾ ಬಂದವು. 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆ, ಈಗ 2019ರ ವೇತನ ಸಂಹಿತೆ, ಎಲ್ಲವೂ ಪ್ರಯಾಣದ ಭತ್ಯೆಯನ್ನೂ ಕೆಲಸದ ಸ್ವರೂಪದಿಂದ ತಗುಲುವ ವಿಶೇಷ ಖರ್ಚಿಗೆಂದು ಕೊಟ್ಟ ಹಣವನ್ನೂ ವೇತನದ ವ್ಯಾಖ್ಯೆಯಿಂದ ಹೊರಗಿಟ್ಟವು. ಕೊಟ್ಟರೆ ಅದು ವೇತನವಲ್ಲ ಎಂದವು, ಕೊಡಲೇಬೇಕು ಎನ್ನಲಿಲ್ಲ. ಇದರ ಪರಿಣಾಮ ಸಣ್ಣದಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಬರಬೇಕೆಂಬ ರಕ್ಷಣೆ ವೇತನಕ್ಕಿದೆ, ಪೆಟ್ರೋಲ್ ಬಿಲ್ಲಿಗಿಲ್ಲ.

ತೆರಿಗೆ ಕಾನೂನು ಈ ವಿಷಯದಲ್ಲಿ ಹೆಚ್ಚು ವಿವೇಚನೆ ತೋರಿದೆ. ಮನೆಯಿಂದ ಕಚೇರಿಗೆ ಓಡಾಡುವ ಭತ್ಯೆಗಿದ್ದ ತಿಂಗಳಿಗೆ 1,600 ರೂ. ವಿನಾಯಿತಿಯನ್ನು 2018ರ ಬಜೆಟ್ ತೆಗೆದು, ಪ್ರಮಾಣಿತ ಕಡಿತದೊಳಗೆ ಸೇರಿಸಿತು. ಕೆಲಸದ ಮೇಲೆ ತಿರುಗಿದ ನಿಜವಾದ ಖರ್ಚಿಗೆ ಇದ್ದ ವಿನಾಯಿತಿಯನ್ನು ಮುಟ್ಟಲಿಲ್ಲ. ನೌಕರನ ಸ್ವಂತ ವಾಹನದ ಪೂರ್ಣ ಖರ್ಚನ್ನು ಧಣಿ ಕೊಡುವುದಾದರೆ ದಿನಾಂಕ, ಹೋದ ಊರು, ಕಿಲೋಮೀಟರು, ವೆಚ್ಚ ಬರೆದ ಲಾಗ್‌ಬುಕ್ ಇರಬೇಕೆಂದು 1962ರ ಆದಾಯ ತೆರಿಗೆ ನಿಯಮಾವಳಿ ಕೇಳಿತು. ಮನೆಯ ದಾರಿ ಬೇರೆ, ಕೆಲಸದ ದಾರಿ ಬೇರೆ ಎಂಬ ಈ ಗೆರೆಯೇ ಯಾವುದೇ ನ್ಯಾಯವಾದ ನಿಯಮಕ್ಕೆ ಬುನಾದಿಯಾಗಬಲ್ಲದು.

ಇನ್ನು ದರದ ಮಾತು. ಪೆಟ್ರೋಲ್ ಹಾಕಿಸಿಕೊಟ್ಟರೆ ಲೆಕ್ಕ ಮುಗಿಯಿತೆಂದು ಹಲವರು ನಂಬಿದ್ದಾರೆ. ಲೀಟರಿಗೆ 103 ರೂ., ಬೈಕು ಕೊಡುವುದು 45 ಕಿ.ಮೀ. ಎಂದಿಟ್ಟುಕೊಂಡರೆ ಪೆಟ್ರೋಲಿಗೇ ಕಿಲೋಮೀಟರಿಗೆ 2.29 ರೂ. ಬೀಳುತ್ತದೆ. 90,000 ರೂ.ಗೆ ಕೊಂಡ ಬೈಕು ಒಂದು ಲಕ್ಷ ಕಿ.ಮೀ. ಓಡಿದ ಮೇಲೆ 20,000ಕ್ಕೆ ಹೋದರೆ ಸವಕಳಿ 70 ಪೈಸೆ. ಟಯರು, ಆಯಿಲು, ಚೈನು, ಸರ್ವೀಸಿಗೆ 60 ಪೈಸೆ, ವಿಮೆಗೆ 10 ಪೈಸೆ ಹಿಡಿಯೋಣ. ಒಟ್ಟು 3.69 ರೂ. ದಿನಕ್ಕೆ 80 ಕಿ.ಮೀ.ನಂತೆ 25 ದಿನ ಓಡಿದವನಿಗೆ ಪೆಟ್ರೋಲಿನ ಹಣ ಮಾತ್ರ ಬಂದರೆ ತಿಂಗಳಿಗೆ 2,800 ರೂ. ಕೈಬಿಡುತ್ತದೆ. ಈ ನಷ್ಟ ಆ ತಿಂಗಳೇ ಕಣ್ಣಿಗೆ ಬೀಳುವುದಿಲ್ಲ. ಬೈಕು ಮಾರುವ ದಿನ ಒಟ್ಟಿಗೆ ಬೀಳುತ್ತದೆ. ಮೇಲಾಗಿ 2010ರಲ್ಲಿ ಪೆಟ್ರೋಲ್ ಬೆಲೆ ಸರ್ಕಾರದ ಹಿಡಿತದಿಂದ ಬಿಡುಗಡೆಯಾಯಿತು, 2017ರ ಜೂನ್‌ನಿಂದ ದಿನದಿನಕ್ಕೂ ಬದಲಾಗತೊಡಗಿತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲ್ ಲೀಟರಿಗೆ 3 ರೂ. ದುಬಾರಿಯಾಯಿತು. ವರ್ಷಗಟ್ಟಲೆ ಅಲುಗಾಡದ ಕಂಪನಿ ದರಕ್ಕೆ ಇಂಥ ಏರಿಕೆ ತಟ್ಟುವುದೇ ಇಲ್ಲ, ನೌಕರನ ಜೇಬಿಗೆ ಮಾತ್ರ ತಟ್ಟುತ್ತದೆ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ತೆರಿಗೆ ಇಲಾಖೆ ವರ್ಷಕ್ಕೊಮ್ಮೆ ಮೈಲಿನ ದರ ಪ್ರಕಟಿಸುತ್ತದೆ. 2025ಕ್ಕೆ ಅದು 70 ಸೆಂಟ್ ಆಗಿತ್ತು. 2022ರಲ್ಲಿ ಇಂಧನ ಬೆಲೆ ಜಿಗಿದಾಗ ವರ್ಷದ ನಡುವೆಯೇ 58.5ರಿಂದ 62.5 ಸೆಂಟಿಗೆ ಏರಿಸಿತು. ಆ ದರ ಕಡ್ಡಾಯವಲ್ಲದಿದ್ದರೂ ಕ್ಯಾಲಿಫೋರ್ನಿಯಾ, ಇಲಿನಾಯ್ ರಾಜ್ಯಗಳಲ್ಲಿ ಕೆಲಸದ ಅಗತ್ಯ ಖರ್ಚನ್ನು ಧಣಿ ತುಂಬಿಕೊಡಬೇಕೆಂಬ ಕಾನೂನೇ ಇದೆ. ಬ್ರಿಟನ್ನಿನಲ್ಲಿ ಮೊದಲ 10,000 ಮೈಲಿಗೆ 45 ಪೆನ್ಸ್ ಎಂದು 2011ರಲ್ಲಿ ನಿಂತ ಅಧಿಕೃತ ದರ ಹತ್ತು ವರ್ಷ ಕಳೆದ ಮೇಲೂ ಅಲ್ಲೇ ಇತ್ತು. ದರವನ್ನು ಗೊತ್ತುಮಾಡಿದರೆ ಸಾಲದು, ಬೆಲೆಗೆ ಕಟ್ಟಿಹಾಕಬೇಕು ಎಂಬ ಪಾಠ ಇವೆರಡನ್ನು ಒಟ್ಟಿಗೆ ನೋಡಿದಾಗ ಸಿಗುತ್ತದೆ.

ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಸಂಬಳ ಗೊತ್ತುಮಾಡುವಾಗಲೇ ಓಡಾಟವನ್ನು ಸೇರಿಸಿದ್ದೇವೆ ಎಂಬುದು ಮೊದಲನೆಯದು. ಹಾಗಾದರೆ ಹೆಚ್ಚು ಊರು ಸುತ್ತಿದವನಿಗೆ ಕಡಿಮೆ ಉಳಿಯುತ್ತದೆ. ಚುರುಕಾಗಿ ದುಡಿಯುವವನಿಗೇ ದಂಡ ಹಾಕುವ ಪದ್ಧತಿ ಧಣಿಗೂ ಒಳಿತಲ್ಲ. ಸುಳ್ಳು ಕಿಲೋಮೀಟರು ಬರೆಯುತ್ತಾರೆ ಎಂಬುದು ಎರಡನೆಯದು. ಆ ಭಯಕ್ಕೆ ಆಧಾರವಿದೆ. ಆದರೆ ಜಿಪಿಎಸ್ ಆಪ್‌ಗಳಿಂದ ಈಗ ದಾರಿಯನ್ನು ತಾಳೆ ನೋಡುವುದು ಸುಲಭ. ಪಾಲಿಸಬೇಕಾದ ಮಾತೊಂದೇ, ಎಣಿಸುವುದು ನಕ್ಷೆಯ ನೇರ ಗೆರೆಯನ್ನಲ್ಲ, ಓಡಿದ ರಸ್ತೆಯನ್ನು. ಲಾಗ್‌ಬುಕ್ ಧಣಿಯನ್ನು ಸುಳ್ಳಿನಿಂದ ಕಾಯುವಂತೆ, ದಾರಿಯಲ್ಲಿ ಅಪಘಾತವಾದರೆ ಕೆಲಸದ ಮೇಲಿದ್ದೆ ಎಂಬುದಕ್ಕೆ ನೌಕರನಿಗೂ ಸಾಕ್ಷಿಯಾಗುತ್ತದೆ. ಪಿರಿಯಾಪಟ್ಟಣದ ಸಣ್ಣ ಗೊಬ್ಬರದಂಗಡಿಗೆ ಈ ಹೊರೆ ತಾಳದು ಎಂಬುದು ಮೂರನೆಯದು, ಮೂರರಲ್ಲಿ ಗಟ್ಟಿಯಾದದ್ದು. ನನ್ನ ಉತ್ತರ: ಹೊರೆ ಈಗಲೂ ಇದೆ, ಅಂಗಡಿಗಿಂತ ಬಡವನಾದ ಒಬ್ಬನ ಹೆಗಲ ಮೇಲಿದೆ. ಸರ್ಕಾರಿ ದರವೇ ಖಾಸಗಿಗೂ ಬೇಕೆಂದು ನಾನು ಹೇಳುತ್ತಿಲ್ಲ. ಬೈಕಿನ ನಿಜವಾದ ವೆಚ್ಚ ಅದಕ್ಕಿಂತ ಎಷ್ಟೋ ಕಡಿಮೆ, ಮೇಲಿನ ಲೆಕ್ಕವೇ ಅದನ್ನು ತೋರಿಸುತ್ತದೆ.

ಖಾಸಗಿ ನೌಕರನ ಬೈಕಿಗೆ ದರ ಗೊತ್ತುಮಾಡಲು ಮಾದರಿ ನಮ್ಮಲ್ಲೇ ಇದೆ. ಆಟೊ ಪ್ರಯಾಣದ ದರವನ್ನು ಸಾರಿಗೆ ಪ್ರಾಧಿಕಾರಗಳು ಗೊತ್ತುಮಾಡುತ್ತವೆ. ಬೆಂಗಳೂರಿನಲ್ಲಿ 2021ರ ಡಿಸೆಂಬರ್‌ನಲ್ಲಿ ಕಿಲೋಮೀಟರಿಗೆ 15 ರೂ. ಆಗಿದ್ದದ್ದು 2025ರ ಆಗಸ್ಟ್‌ನಲ್ಲಿ 18 ಆಯಿತು. ಬಾಡಿಗೆ ವಾಹನದ ಕಿಲೋಮೀಟರಿಗೆ ಬೆಲೆ ಕಟ್ಟಬಲ್ಲ ಸರ್ಕಾರ, ದುಡಿಯುವವನ ಬೈಕಿಗೂ ವರ್ಷಕ್ಕೊಮ್ಮೆ ಒಂದು ಮಾರ್ಗದರ್ಶಿ ದರ ಪ್ರಕಟಿಸಬಹುದು. ಕಾರ್ಮಿಕ ಇಲಾಖೆ ಅದಕ್ಕೆ ಮೂರು ಮಾತು ಸೇರಿಸಿದರೆ ಸಾಕು: ದರ ನೇಮಕಾತಿ ಪತ್ರದಲ್ಲೇ ಇರಲಿ, ಪೆಟ್ರೋಲ್ ಬೆಲೆಯ ಜೊತೆ ಅದು ಏರಿಳಿಯಲಿ, ಹಣ ಸಂಬಳದ ದಿನವೇ ಬರಲಿ. 1922ರ ನಿಯಮ ಭತ್ಯೆ ಲಾಭದ ಮೂಲವಾಗಬಾರದೆಂದಿತು, ಆ ಮಾತು ಇಂದಿಗೂ ಸರಿ. ಕೆಲಸ ಮಾಡಿದ್ದಕ್ಕಾಗಿ ಯಾರಿಗೂ ನಷ್ಟವಾಗಬಾರದು ಎಂಬ ಅದರ ಇನ್ನರ್ಧವನ್ನು ಬರೆಯುವ ಹೊಣೆ ನಮ್ಮ ಕಾಲದ್ದು.