ಚಾರಣಕ್ಕೆ ಎಂಥ ಚಾಕು?

ಪುಣೆ ಕ್ಯಾಂಪಿನಿಂದ ಸಿಂಹಗಡ, ರಾಜಗಡ, ತೋರಣಾ ಕೋಟೆಗಳಿಗೆ ಚಾರಣ ಹೊರಡುವ ಕನ್ನಡ ಬಂಧುಗಳು ಯಾವ ಚಾಕು ಒಯ್ಯಬೇಕೆಂದು ವಿಚಾರಿಸುವುದುಂಟು. ಹಣ್ಣು ಹೆಚ್ಚಲು, ಹಗ್ಗ ಕತ್ತರಿಸಲು ಸುಮಾರು 3 ಅಂಗುಲ ಅಲಗಿನ ಮಡಚುವ ಚಾಕು ಸಾಕೆಂಬುದು ನಮ್ಮ ಅಭಿಪ್ರಾಯ. ಸಹ್ಯಾದ್ರಿಯ ಮಳೆಯಲ್ಲಿ ಸಾದಾ ಉಕ್ಕು ಬೇಗನೆ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಉಕ್ಕೇ ಲೇಸು. ಕೊಡವರ ಪೀಚೆಕತ್ತಿ ನಾಡಿನ ಹೆಮ್ಮೆಯಾದರೂ ಅದರ ಸ್ಥಾನ ಸಾಂಪ್ರದಾಯಿಕ ಉಡುಗೆಯಲ್ಲಿ, ಚಾರಣದ ಚೀಲದಲ್ಲಲ್ಲ.

ಮನೆ, ಕೃಷಿ, ಕೈಗಾರಿಕೆಗಳ ಬಳಕೆಗೆಂದು ತಯಾರಾಗದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಇದಲ್ಲದೆ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೆಯ ಕಲಮಿನಡಿ ನಿಷೇಧಾಜ್ಞೆ ಹೊರಡಿಸಿದಾಗ ಸಣ್ಣ ಚಾಕುವೂ ತೊಂದರೆ ತರಬಹುದು. ಆದ್ದರಿಂದ ಹೊರಡುವ ಮುನ್ನ ಪೊಲೀಸ್ ಪ್ರಕಟಣೆಯನ್ನು ಗಮನಿಸಬೇಕೆಂದು ಕೋರುತ್ತೇವೆ.