ಮುಳ್ಳಿಲ್ಲದ ಕಳ್ಳಿಯೊಂದರ ಚರಿತ್ರೆ

ಕಳ್ಳಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹೊಲದ ಬೇಲಿ. ಆ ಬೇಲಿಯಲ್ಲಿಯೂ ಎರಡು ಕುಲಗಳುಂಟು. ಮುರಿದರೆ ಹಾಲು ಸುರಿಯುವ ಕಳ್ಳಿಯ ವಂಶವೇ ಬೇರೆ. ಪಾಪಾಸುಕಳ್ಳಿಯಾದರೋ ಅಮೆರಿಕಾ ಖಂಡದಿಂದ ಕಡಲನ್ನು ದಾಟಿ ಬಂದುದು. ಇಂದು ನಾನು ಹೇಳಹೊರಟಿರುವುದು ಈ ಪಾಪಾಸುಕಳ್ಳಿಯ ದಾಯಾದಿಯಾದ ಒಂದು ಪುಟ್ಟ ಗಿಡದ ವೃತ್ತಾಂತವನ್ನು. ಇದಕ್ಕೆ ಪೆಯೋಟೆ ಎಂದು ಹೆಸರು. ಮೆಕ್ಸಿಕೋ ದೇಶದ ಉತ್ತರ ಭಾಗದ ಮರುಭೂಮಿಯಲ್ಲಿಯೂ ಅದಕ್ಕೆ ಹೊಂದಿರುವ ಟೆಕ್ಸಾಸ್ ಪ್ರಾಂತದ ದಕ್ಷಿಣದಲ್ಲಿಯೂ ಅಲ್ಲದೆ ಇದು ಬೇರೆಲ್ಲಿಯೂ ತಾನಾಗಿ ಬೆಳೆಯುವುದಿಲ್ಲ. ಗುಂಡಗೆ, ಬೂದಿ ಬೆರೆತ ಹಸುರು ಬಣ್ಣದ ಚೆಂಡಿನಂತೆ, ನೆಲಕ್ಕೆ ಅಂಟಿಕೊಂಡಿರುವುದು. ಮುಳ್ಳಿಗೆ ಬದಲಾಗಿ ಅಲ್ಲಲ್ಲಿ ಬಿಳಿಯ ನವಿರಿನ ಕುಚ್ಚುಗಳು. ನೆತ್ತಿಯಲ್ಲಿ ನಸುಗೆಂಪಿನ ಒಂದು ಹೂವು. ಗಿಡದ ಹೆಚ್ಚಿನ ಭಾಗವು ಮೂಲಂಗಿಯಂತೆ ಮಣ್ಣಿನೊಳಗೆ ಅಡಗಿರುತ್ತದೆ.

ನೋಟಕ್ಕೆ ಇಷ್ಟು ಸಾಧುವಾದ ಈ ಗಿಡವು ಒಂದು ಸಾಮ್ರಾಜ್ಯದ ಧರ್ಮಾಧಿಕಾರಿಗಳನ್ನೂ ಒಂದು ಗಣರಾಜ್ಯದ ನ್ಯಾಯಾಧೀಶರನ್ನೂ ಚಿಂತೆಗೆ ಈಡುಮಾಡಿತು. ಇದನ್ನು ತಿಂದವರಿಗೆ ಬಣ್ಣಬಣ್ಣದ ದರ್ಶನಗಳಾಗುವುದೇ ಇದಕ್ಕೆ ಕಾರಣ. ಟೆಕ್ಸಾಸಿನ ಗುಹೆಗಳಲ್ಲಿ ದೊರೆತ ಪೆಯೋಟೆಯ ಒಣ ಬಿಲ್ಲೆಗಳು ಐದು ಸಾವಿರ ವರ್ಷಗಳಿಗಿಂತಲೂ ಹಳೆಯವೆಂದು ಪರೀಕ್ಷೆಯಿಂದ ತಿಳಿದುಬಂದಿದೆ. ವೀಚೋಲ್ ಎಂಬ ಜನರಿಗೆ ಪೆಯೋಟೆ, ಜಿಂಕೆ, ಮುಸುಕಿನ ಜೋಳ ಈ ಮೂರೂ ಒಂದೇ ದೈವದ ರೂಪಗಳು. ಅದನ್ನು ತರುವುದಕ್ಕಾಗಿ ಅವರು ನೂರಾರು ಮೈಲಿ ದೂರದ ವಿರಿಕೂತ ಎಂಬ ಕ್ಷೇತ್ರಕ್ಕೆ ವ್ರತನಿಷ್ಠರಾಗಿ ಯಾತ್ರೆ ಹೋಗುವರು. ಯಾತ್ರೆಯ ಕಾಲದಲ್ಲಿ ಉಪ್ಪನ್ನು ಬಿಡುವುದುಂಟು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಮೇಲೆ, 1529ರಲ್ಲಿ ಅಲ್ಲಿಗೆ ಬಂದ ಸಹಗುನ್ ಎಂಬ ಪಾದ್ರಿಯು ಜನರ ನಡೆನುಡಿಗಳನ್ನೆಲ್ಲ ಅವರ ಭಾಷೆಯಲ್ಲಿಯೇ ಕೇಳಿ ಬರೆದಿಟ್ಟನು. ಇದನ್ನು ತಿಂದವರಿಗೆ ಭಯಂಕರವಾದ ಇಲ್ಲವೆ ನಗೆ ಬರಿಸುವ ನೋಟಗಳು ಕಾಣುವುವೆಂದೂ, ಇದು ಹಸಿವು, ಬಾಯಾರಿಕೆ, ಭಯಗಳನ್ನು ಅಡಗಿಸುವುದೆಂದೂ ಆತನು ತಿಳಿಸಿದ್ದಾನೆ. ಆದರೆ ಬರೆದಿಡುವ ಕುತೂಹಲ ಬೇರೆ, ಆಳುವ ಭಯ ಬೇರೆ. 1620ರಲ್ಲಿ ಮೆಕ್ಸಿಕೋ ನಗರದ ಧರ್ಮವಿಚಾರಣಾ ಸಭೆಯು ಪೆಯೋಟೆಯ ಸೇವನೆಯನ್ನು ನಿಷೇಧಿಸಿ ಶಾಸನ ಹೊರಡಿಸಿತು. ಕಳವಾದ ಒಡವೆಯನ್ನೂ ಮುಂದಾಗುವುದನ್ನೂ ತೋರಿಸುವ ಶಕ್ತಿ ಯಾವ ಸಸ್ಯಕ್ಕೂ ಸಹಜವಾಗಿ ಇರಲಾರದು, ಆದುದರಿಂದ ಇದು ಸೈತಾನನ ಕೆಲಸವೇ ಸರಿ ಎಂಬುದು ಅವರ ತರ್ಕ. ತರ್ಕದ ಮೊದಲರ್ಧವನ್ನು ಇಂದಿನ ವಿಜ್ಞಾನಿಯೂ ಒಪ್ಪಿಯಾನು! ಅದರ ಫಲವಾಗಿ ಎಷ್ಟೋ ಮಂದಿ ಬಡವರು ವಿಚಾರಣೆಗೆ ಗುರಿಯಾದರು. ಪೆಯೋಟೆಯಾದರೋ ಬೆಟ್ಟಗಾಡುಗಳಿಗೆ ಸರಿದು ಅಲ್ಲಿಯೇ ಉಳಿಯಿತು.

ಸಸ್ಯಶಾಸ್ತ್ರಜ್ಞರು 1845ರಲ್ಲಿ ಇದಕ್ಕೊಂದು ಲ್ಯಾಟಿನ್ ಹೆಸರನ್ನಿಟ್ಟು, 1894ರಲ್ಲಿ ಅದನ್ನು ಲೊಫೊಫೋರ ಎಂದು ಬದಲಾಯಿಸಿದರು. 1897ರಲ್ಲಿ ಹೆಫ್ಟರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಗಿಡದಿಂದ ಬೇರ್ಪಡಿಸಿದ ಮೆಸ್ಕಲಿನ್ ಎಂಬ ಸತ್ತ್ವವನ್ನು ತಾನೇ ಸೇವಿಸಿ, ದರ್ಶನಗಳಿಗೆ ಅದೇ ಮೂಲವೆಂದು ಸ್ಥಾಪಿಸಿದನು.

ಇದೇ ಕಾಲಕ್ಕೆ, ಬೇಟೆಯ ಬಯಲುಗಳನ್ನು ಕಳೆದುಕೊಂಡು ಸರ್ಕಾರವು ಗೊತ್ತುಮಾಡಿದ ಎಲ್ಲೆಯೊಳಗೆ ಬದುಕಬೇಕಾಗಿ ಬಂದ ಕೊಮಾಂಚಿ, ಕೈಯೊವ ಮುಂತಾದ ಜನರಲ್ಲಿ ಪೆಯೋಟೆಯು ಹೊಸದೊಂದು ಧರ್ಮಕ್ಕೆ ಆಧಾರವಾಯಿತು. ಕೊಮಾಂಚಿಗಳ ನಾಯಕನಾದ ಕ್ವಾನ ಪಾರ್ಕರನು ಇದರ ಹಿರಿಯ ಪೋಷಕ. ರಾತ್ರಿಯೆಲ್ಲ ಬೆಂಕಿಯ ಸುತ್ತ ಕುಳಿತು, ತಮಟೆಯ ನಾದದೊಡನೆ ಹಾಡಿ ಪ್ರಾರ್ಥಿಸುವುದು ಅದರ ವಿಧಿ. ಮದ್ಯವು ಅಲ್ಲಿ ವರ್ಜ್ಯ. 1918ರಲ್ಲಿ ಅಮೆರಿಕದ ಶಾಸನಸಭೆಯು ಪೆಯೋಟೆಯನ್ನು ನಿಷೇಧಿಸಲು ಯೋಚಿಸಿದಾಗ, ಜನಾಂಗಶಾಸ್ತ್ರಜ್ಞನಾದ ಜೇಮ್ಸ್ ಮೂನಿಯು ಅದಕ್ಕೆ ವಿರೋಧವಾಗಿ ಸಾಕ್ಷ್ಯ ನುಡಿದನು. ನಿಷೇಧವನ್ನು ಬೇಡಿದವರಲ್ಲಿ ಡಕೋಟ ಕುಲದವಳೇ ಆದ ಗರ್ಟ್ರೂಡ್ ಬಾನಿನ್ ಎಂಬ ಲೇಖಕಿಯೂ ಇದ್ದಳು. ಆಕೆಯ ದೃಷ್ಟಿಗೆ ಇದು ತನ್ನ ಜನರನ್ನು ಕೆಡಿಸುವ ಚಟ. ಆಕೆಯ ಕಳಕಳಿಯನ್ನು ಸಂದೇಹಿಸಲು ಕಾರಣವಿಲ್ಲವಾದರೂ, ರಾತ್ರಿಯ ಪೂಜೆಯಲ್ಲಿ ಕುಳಿತು ಕಣ್ಣಾರೆ ಕಂಡಿದ್ದ ಮೂನಿಯ ಮಾತಿಗೇ ಹೆಚ್ಚಿನ ತೂಕವೆಂದು ನನಗೆ ತೋರುತ್ತದೆ. ಮಸೂದೆಯು ಮೇಲ್ಮನೆಯಲ್ಲಿ ಬಿದ್ದುಹೋಯಿತು. ಅದೇ ವರ್ಷ ಓಕ್ಲಹೋಮದಲ್ಲಿ 'ಅಮೆರಿಕದ ಮೂಲನಿವಾಸಿಗಳ ಚರ್ಚು' ಎಂಬ ಹೆಸರಿನಿಂದ ಈ ಧರ್ಮವು ದಾಖಲೆಯನ್ನು ಪಡೆಯಿತು. ಮೂನಿಗಾದರೋ ಕೈಯೊವರ ಸೀಮೆಗೆ ಮತ್ತೆ ಕಾಲಿಡಲು ಅಪ್ಪಣೆ ದೊರೆಯಲಿಲ್ಲ. 1921ರಲ್ಲಿ ಆತನು ತೀರಿಕೊಂಡನು.

ವ್ಯಾಜ್ಯ ಅಷ್ಟಕ್ಕೆ ಮುಗಿಯಲಿಲ್ಲ. ಪೂಜೆಯಲ್ಲಿ ಪೆಯೋಟೆಯನ್ನು ಸೇವಿಸಿದುದಕ್ಕಾಗಿ ಕೆಲಸ ಕಳೆದುಕೊಂಡ ಆರಿಗನ್ ಪ್ರಾಂತದ ಇಬ್ಬರು ನೌಕರರಿಗೆ ನಿರುದ್ಯೋಗದ ವೇತನ ಸಲ್ಲಬೇಕಾದುದಿಲ್ಲವೆಂದು 1990ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತಿತು. ಎಲ್ಲರಿಗೂ ಸಮನಾಗಿ ಅನ್ವಯಿಸುವ ಕಾನೂನು ಒಬ್ಬನ ಪೂಜೆಗೆ ಅಡ್ಡಿಯಾದರೂ ಅದು ಧರ್ಮಸ್ವಾತಂತ್ರ್ಯದ ಭಂಗವಲ್ಲವೆಂದು ಅದರ ಅಭಿಪ್ರಾಯ. ಉಳಿದ ಮತಗಳವರೂ ಇದರಿಂದ ಬೆಚ್ಚಿದರು. 1994ರ ಶಾಸನವು ಮೂಲನಿವಾಸಿಗಳಿಗೆ ಪೂಜೆಯಲ್ಲಿ ಪೆಯೋಟೆಯನ್ನು ಬಳಸುವ ಹಕ್ಕನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಸ್ಪಷ್ಟಪಡಿಸಿತು.

ಈಗ ಹಕ್ಕುಂಟು, ಗಿಡವೇ ವಿರಳವಾಗುತ್ತಿದೆ. ಬೀಜದಿಂದ ಹುಟ್ಟಿದ ಪೆಯೋಟೆಯು ಬಯಲಿನಲ್ಲಿ ಕೊಯ್ಲಿಗೆ ಬರಲು ಹತ್ತು ವರ್ಷವಾದರೂ ಬೇಕು. ಅಷ್ಟರಲ್ಲಿ ಉಳುಮೆ, ದನಗಳ ಹುಲ್ಲುಗಾವಲು, ಕಳ್ಳಸಾಗಣೆಗಳು ಅದರ ನೆಲೆಯನ್ನು ಕಿರಿದುಮಾಡುತ್ತಿವೆ. ಬಲ್ಲವರು ನೆಲದ ಮಟ್ಟಕ್ಕೆ ನೆತ್ತಿಯನ್ನಷ್ಟೇ ಅಡ್ಡಲಾಗಿ ಕೊಯ್ದು, ಬೇರನ್ನು ಮಣ್ಣಿನಲ್ಲಿಯೇ ಬಿಡುವರು. ಹಾಗೆ ಬಿಟ್ಟ ಬೇರಿನ ಮೇಲೆ ಕೆಲವು ವರ್ಷಗಳಲ್ಲಿ ಹೊಸ ನೆತ್ತಿಗಳು ಮೂಡುತ್ತವೆ.